ಸಹಿ ಹಾಕಿದರೆ ಫೀಲ್ಡಿಂಗ್ ಸರಿಹೋಗುತ್ತದೆ

2019ರ ಮಾರ್ಚ್‌ನಲ್ಲಿ ಶಿಕಾಗೊ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡದಲ್ಲಿ ಒಂದು ಪವಾಡ ನಡೆಯಿತು. ಎಲೊಯ್ ಹಿಮೆನೆಸ್ ಎಂಬ 22 ವರ್ಷದ ಡೊಮಿನಿಕನ್ ಹುಡುಗನನ್ನು ತಿಂಗಳ ಮಧ್ಯದಲ್ಲಿ ತಂಡ ಮೈನರ್ ಲೀಗ್‌ಗೆ ವಾಪಸ್ ಕಳಿಸಿತ್ತು. ಇನ್ನೂ ಪಳಗಬೇಕು, ಮೇಜರ್ ಲೀಗ್ ಆಡುವ ಕಾಲ ಬಂದಿಲ್ಲ ಅಂತ. ಹೆಚ್ಚುಕಮ್ಮಿ ಹತ್ತು ದಿನ ಕಳೆಯಿತು. ಹುಡುಗ 6 ವರ್ಷಕ್ಕೆ 4.3 ಕೋಟಿ ಡಾಲರ್‌ನ ಕರಾರಿಗೆ ಸಹಿ ಹಾಕಿದ. ಆ ತಿಂಗಳ ಕೊನೆಯಲ್ಲಿ ಸೀಸನ್ನಿನ ಮೊದಲ ಪಂದ್ಯ. ನೋಡಿದರೆ ಹಿಮೆನೆಸ್ ಲೆಫ್ಟ್ ಫೀಲ್ಡ್‌ನಲ್ಲಿ ನಿಂತಿದ್ದಾನೆ!

ಆ ಹತ್ತು ದಿನದಲ್ಲಿ ಅವನು ಏನು ಕಲಿತ? ಫೀಲ್ಡಿಂಗ್ ಅಂತೂ ಅಲ್ಲ. 2021ರ ಅಭ್ಯಾಸ ಪಂದ್ಯವೊಂದರಲ್ಲಿ ಗೋಡೆ ದಾಟುತ್ತಿದ್ದ ಹೋಮ್ ರನ್ ಹಿಡಿಯಲು ಹಾರಿ ಎದೆಯ ಸ್ನಾಯುವನ್ನೇ ಹರಿದುಕೊಂಡ. ಅವನು ಕಲಿತಿದ್ದು ಪೆನ್ನು ಹಿಡಿಯುವುದನ್ನು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಎಳೆ ಆಟಗಾರನ ಬಹುಪಾಲು ದೋಷಗಳಿಗೆ ಇದೊಂದೇ ಔಷಧಿ.

ಔಷಧಿ ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಅದೇ ಊರಿನಲ್ಲಿ ಉದಾಹರಣೆ ಇದೆ. ಶಿಕಾಗೊ ಕಬ್ಸ್ ತಂಡದ ಕ್ರಿಸ್ ಬ್ರಯಂಟ್ 2015ರ ಅಭ್ಯಾಸ ಪಂದ್ಯಗಳಲ್ಲಿ 9 ಹೋಮ್ ರನ್ ಬಾರಿಸಿದ. ಎಲ್ಲ ತಂಡಗಳ ಎಲ್ಲರಿಗಿಂತ ಜಾಸ್ತಿ. ಅದಕ್ಕೆ ತಂಡದವರು ಏನು ಮಾಡಿದರು? ಫೀಲ್ಡಿಂಗ್ ಸುಧಾರಿಸಬೇಕು ಅಂತ ಮೈನರ್ ಲೀಗ್‌ಗೆ ಅಟ್ಟಿದರು. ಏಪ್ರಿಲ್ 17ರ ಹೊತ್ತಿಗೆ ಅದು ತಾನಾಗಿಯೇ ಸುಧಾರಿಸಿತು, ವಾಪಸ್ ಕರೆಸಿಕೊಂಡರು.

ಇಲ್ಲೊಂದು ಲೆಕ್ಕ ಇದೆ. ಆಟಗಾರ 6 ವರ್ಷದ ಸೇವೆ ಮುಗಿಸಿದರೆ ಮಾತ್ರ ಫ್ರೀ ಏಜೆಂಟ್, ಅಂದರೆ ಇಷ್ಟಬಂದ ತಂಡಕ್ಕೆ ಹೋಗಬಹುದು. ಒಂದು ಸೀಸನ್ನಿನಲ್ಲಿ 172 ದಿನ ತಂಡದಲ್ಲಿದ್ದರೆ ಅದು ಒಂದು ವರ್ಷದ ಸೇವೆ. ಏಪ್ರಿಲ್ 17ರಿಂದ ಲೆಕ್ಕ ಹಾಕಿದಾಗ ಬ್ರಯಂಟ್ ಖಾತೆಯಲ್ಲಿ ಬಿದ್ದ ದಿನಗಳು 171. ಒಂದೇ ದಿನ ಕಮ್ಮಿ. ಆ ಒಂದು ದಿನದಿಂದ ತಂಡಕ್ಕೆ ಅವನ ಒಂದು ಪೂರ್ತಿ ವರ್ಷ ಲಾಭ. ಹುಡುಗ ಆ ಸಲ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದ. ಮರುವರ್ಷ ಲೀಗಿನ ಅತ್ಯುತ್ತಮ ಆಟಗಾರನಾದ. 108 ವರ್ಷದಿಂದ ವರ್ಲ್ಡ್ ಸೀರೀಸ್ ಗೆಲ್ಲದೆ ಕೂತಿದ್ದ ತಂಡವನ್ನು ಗೆಲ್ಲಿಸಿದವರಲ್ಲಿ ಒಬ್ಬನಾದ. ಆ ಒಂದು ದಿನ ತಪ್ಪಿಸಿದ್ದಕ್ಕೆ ತಂಡದ ಮೇಲೆ ದೂರು ಕೊಟ್ಟಿದ್ದ, ಅದರ ತೀರ್ಪು ಬಂದದ್ದು 2020ರಲ್ಲಿ. ತೀರ್ಪು ತಂಡದ ಪರ. ಫೀಲ್ಡಿಂಗ್ ನಿಜವಾಗಿಯೂ ಕೆಟ್ಟಿತ್ತೇನೋ ಬಿಡಿ.

ಆ 6 ವರ್ಷಗಳಲ್ಲಿ ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸಿನಲ್ಲೇ ಕಳೆಯಬೇಕು. 2022ಕ್ಕೆ ಮುಂಚೆ ಎಷ್ಟೇ ಚೆನ್ನಾಗಿ ಆಡಿದರೂ ಅಷ್ಟೇ. 2012ರಲ್ಲಿ ಮೈಕ್ ಟ್ರೌಟ್ ಹೊಸಬರಲ್ಲಿ ಮೊದಲಿಗ, ಇಡೀ ಲೀಗಿನ ಅತ್ಯುತ್ತಮ ಆಟಗಾರನ ಮತದಾನದಲ್ಲಿ ಎರಡನೆಯವ. ಮೆಚ್ಚಿದ ಏಂಜಲ್ಸ್ ತಂಡ 2013ಕ್ಕೆ 5.1 ಲಕ್ಷ ಡಾಲರ್ ಕೊಟ್ಟಿತು. ಕನಿಷ್ಠ ಸಂಬಳ ಆಗ 4.9 ಲಕ್ಷ. ಆ ಮೇಲಿನ 20 ಸಾವಿರ ಕೊಡುವಾಗ ಮಾಲೀಕರ ಕೈ ಎಷ್ಟು ನಡುಗಿತ್ತೋ!

ಹೀಗೆ ಹುಡುಗನ ಕೈ ಕಟ್ಟಿ ಕೂರಿಸಿದವರೇ ಆಮೇಲೆ ಪಕ್ಕದಲ್ಲಿ ಬಂದು ಕೂರುತ್ತಾರೆ. ಹೆಗಲ ಮೇಲೆ ಕೈ ಹಾಕುತ್ತಾರೆ. 'ನಾಳೆ ಮೊಣಕಾಲು ಮುರಿದರೆ ಏನಪ್ಪಾ ಗತಿ? ನಿನಗೆ ಭದ್ರತೆಯೇ ಇಲ್ಲವಲ್ಲ' ಅಂತ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಜೇಬಿನಿಂದ ಕರಾರು ಹೊರಗೆ ಬರುತ್ತದೆ.

2019ರ ಏಪ್ರಿಲ್‌ನಲ್ಲಿ ಅಟ್ಲಾಂಟಾ ಬ್ರೇವ್ಸ್ ಇಂಥ ಎರಡು ಸಹಿ ಪಡೆಯಿತು. ವೆನೆಜುವೆಲಾದ ರೊನಾಲ್ಡ್ ಅಕುನ್ಯಾ, 21 ವರ್ಷ, 8 ವರ್ಷಕ್ಕೆ 10 ಕೋಟಿ ಡಾಲರ್. ಕುರಸಾವ್ ದ್ವೀಪದ ಆಜಿ ಆಲ್ಬೀಸ್, 22 ವರ್ಷ, 7 ವರ್ಷಕ್ಕೆ 3.5 ಕೋಟಿ. ಎರಡನೆಯದನ್ನು ನೋಡಿ ಬೇಸ್‌ಬಾಲ್ ಬಗ್ಗೆ ಬರೆಯುವವರೇ ಬೆಚ್ಚಿಬಿದ್ದರು. ಆಲ್ಬೀಸ್ ಆಗಲೇ ಆಲ್-ಸ್ಟಾರ್ ಆಟಗಾರ. ಆ 7 ವರ್ಷ ಮುಗಿದ ಮೇಲೂ ತಂಡಕ್ಕೆ ಬೇಕಾದರೆ ಇನ್ನೆರಡು ವರ್ಷ, ವರ್ಷಕ್ಕೆ 70 ಲಕ್ಷ ಡಾಲರ್‌ನಂತೆ ಅವನನ್ನು ಇಟ್ಟುಕೊಳ್ಳಬಹುದು. ಬೇಡವಾದರೆ ಬಿಡಬಹುದು. ಇದರ ಹೆಸರು ಕ್ಲಬ್ ಆಪ್ಷನ್. ಆಟಗಾರನಿಗೆ ಅಂಥ ಆಯ್ಕೆ ಇಲ್ಲ. ಮನೆಯವರು ಕ್ಷೇಮವಾಗಿದ್ದರೆ ಸಾಕು ಅನ್ನುವ ಅರ್ಥದಲ್ಲಿ ಮಾತಾಡಿ ಹುಡುಗ ಸುಮ್ಮನಾದ. ಅವನನ್ನು ನಾನು ಆಡಿಕೊಳ್ಳುವುದಿಲ್ಲ. 16ನೇ ವಯಸ್ಸಿಗೆ ಮನೆ ಬಿಟ್ಟು ಆಟಕ್ಕೆ ಬಂದವನ ಮುಂದೆ ಅಷ್ಟು ದುಡ್ಡು ಇಟ್ಟರೆ ಬೇಡ ಅನ್ನುವುದು ಸುಲಭವಲ್ಲ. ಅದು ಕರಾರು ಬರೆದವರಿಗೂ ಗೊತ್ತು.

ನಮ್ಮ ಕಡೆ ಹೂವು ನೋಡಿಯೇ ಮಾವಿನ ತೋಪು ಗುತ್ತಿಗೆ ಹಿಡಿಯುವ ವ್ಯಾಪಾರಿಗಳಿದ್ದಾರೆ. ಆಲಿಕಲ್ಲು ಬಿದ್ದರೆ ಅವರ ದುಡ್ಡೂ ಹೋಯಿತು. ಆದರೆ 'ಫಸಲು ಚೆನ್ನಾಗಿ ಬಂದರೆ ಇನ್ನೆರಡು ವರ್ಷ ಇದೇ ರೇಟು, ಬರದಿದ್ದರೆ ನಾನು ಈ ಕಡೆ ತಲೆ ಹಾಕುವುದಿಲ್ಲ' ಅಂತ ಬರೆಸಿಕೊಳ್ಳುವಷ್ಟು ಧೈರ್ಯ ಯಾವ ಮಾವಿನ ವ್ಯಾಪಾರಿಗೂ ಬಂದ ಹಾಗಿಲ್ಲ.

3.5 ಕೋಟಿ ಡಾಲರ್ ಸಿಕ್ಕವನಿಗೆ ನಾವ್ಯಾಕೆ ಅಯ್ಯೋ ಅನ್ನಬೇಕು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಾಲೀಕರಿಗೂ ಇದು ಬಹಳ ಇಷ್ಟವಾದ ಪ್ರಶ್ನೆ. ಯಾಕೆಂದರೆ ಆಟಗಾರನಿಗೆ ಕೊಡದೆ ಉಳಿದ ದುಡ್ಡು ಎಲ್ಲಿಗೆ ಹೋಯಿತು ಅಂತ ಇದಾದ ಮೇಲೆ ಯಾರೂ ಕೇಳುವುದಿಲ್ಲ.

ಕೇಳಬೇಕಾದ ಅಭಿಮಾನಿಗಳಂತೂ ಮಾಲೀಕರಿಗಿಂತ ಹೆಚ್ಚು ಕುಣಿಯುತ್ತಾರೆ. 2023ರಲ್ಲಿ ಅಕುನ್ಯಾ 41 ಹೋಮ್ ರನ್ ಹೊಡೆದು 73 ಬೇಸ್ ಕದ್ದ, ಅಂದರೆ ಎದುರಾಳಿಯ ಕಣ್ಣು ತಪ್ಪಿಸಿ ಅಷ್ಟು ಸಲ ಮುಂದಿನ ಬೇಸಿಗೆ ಓಡಿದ. ಒಂದೇ ಸೀಸನ್ನಿನಲ್ಲಿ 40 ಹೋಮ್ ರನ್, 70 ಬೇಸ್ ಎರಡನ್ನೂ ದಾಟಿದವರು ಅವನಿಗಿಂತ ಮುಂಚೆ ಯಾರೂ ಇಲ್ಲ. ಮತ ಹಾಕಿದ ಎಲ್ಲರೂ ಅವನನ್ನೇ ಅತ್ಯುತ್ತಮ ಆಟಗಾರ ಅಂದರು. ಆ ವರ್ಷ ಅವನ ಸಂಬಳ 1.7 ಕೋಟಿ ಡಾಲರ್. ಅಭಿಮಾನಿಗೆ ಹೋಮ್ ರನ್ ನೋಡಿದಷ್ಟೇ ಖುಷಿ ಈ ಅಂಕಿ ನೋಡಿದರೂ ಆಗುತ್ತದೆ. 'ಎಂಥಾ ಅಗ್ಗಕ್ಕೆ ಹೊಡೆದ್ವಿ ನೋಡು!' ಹೊಡೆದವರು ಯಾರು ಸ್ವಾಮಿ? ಕರಾರು ಮಾಡಿದಾಗ ತಂಡ ಲಿಬರ್ಟಿ ಮೀಡಿಯಾ ಎಂಬ ಕಂಪನಿಯದು. ಒಂದು ಷೇರೂ ಇಲ್ಲದವನು ಲಾಭಾಂಶ ಬಂದವನ ಹಾಗೆ ನಗುತ್ತಿದ್ದಾನೆ. ಹೀಗೆ ಉಳಿಸಿದ ದುಡ್ಡಿನಲ್ಲಿ ಟಿಕೆಟ್ ದರ ಇಳಿಸಿದ ಮಾಲೀಕರು ಯಾರಾದರೂ ಇದ್ದರೆ ಹೇಳಿ, ಮುಂದಿನ ವಾರ ಅವರ ಬಗ್ಗೆಯೇ ಬರೆಯುತ್ತೇನೆ.

ಮಾಲೀಕರ ಕಡೆಯ ವಾದವನ್ನೂ ಹೇಳಿಬಿಡೋಣ. ಅವರ ಪುಸ್ತಕದಲ್ಲಿ ಜಾನ್ ಸಿಂಗಲ್ಟನ್ ಹೆಸರು ದಪ್ಪ ಅಕ್ಷರದಲ್ಲಿದೆ. 2014ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡ, ಮೇಜರ್ ಲೀಗ್‌ನಲ್ಲಿ ಒಂದು ಚೆಂಡನ್ನೂ ಎದುರಿಸದ ಇವನಿಗೆ 5 ವರ್ಷಕ್ಕೆ 1 ಕೋಟಿ ಡಾಲರ್ ಬರೆದುಕೊಟ್ಟಿತು. ಆ ವರ್ಷ ಅವನ ಬ್ಯಾಟಿಂಗ್ ಸರಾಸರಿ .168, ಅಂದರೆ ಸಾವಿರ ಸಲ ಬ್ಯಾಟ್ ಮಾಡಿದರೆ 168 ಹಿಟ್, ತೀರಾ ಕಳಪೆ. ಪಾಪ, ದುಡ್ಡು ಹೋಯಿತು. ಅದೇ ತಂಡ ಜಾರ್ಜ್ ಸ್ಪ್ರಿಂಗರ್‌ಗೂ 7 ವರ್ಷಕ್ಕೆ 2.3 ಕೋಟಿಯ ಮಾತಾಡಿತ್ತು ಅಂತ ಆಗ ವರದಿಯಾಗಿತ್ತು. ಅವನು ಒಪ್ಪಲಿಲ್ಲ. ಸಹಿ ಹಾಕದವನನ್ನು ಸೀಸನ್ ಶುರುವಿನಲ್ಲಿ ಮೈನರ್ ಲೀಗ್‌ಗೆ ಕಳಿಸಿದರು. ಇಷ್ಟು ಹೊತ್ತಿಗೆ ಕಾರಣ ನಿಮಗೇ ಗೊತ್ತು. ಅದೇ ಸ್ಪ್ರಿಂಗರ್ 2017ರಲ್ಲಿ ಅವರಿಗೆ ವರ್ಲ್ಡ್ ಸೀರೀಸ್ ಗೆಲ್ಲಿಸಿಕೊಟ್ಟು ಸರಣಿಯ ಶ್ರೇಷ್ಠ ಆಟಗಾರನಾದ. 2021ರಲ್ಲಿ ಟೊರಾಂಟೊಗೆ ಹೋಗುವಾಗ 6 ವರ್ಷಕ್ಕೆ 15 ಕೋಟಿ ಡಾಲರ್ ಎಣಿಸಿಕೊಂಡ.

ಆದರೆ ನನ್ನ ಮಟ್ಟಿಗೆ ಈ ಇಡೀ ವ್ಯವಹಾರದ ಸತ್ಯಹರಿಶ್ಚಂದ್ರ ಅಂದರೆ ಕೆವಿನ್ ಮ್ಯಾಥರ್. ಸಿಯಾಟಲ್ ಮ್ಯಾರಿನರ್ಸ್ ತಂಡದ ಆಗಿನ ಅಧ್ಯಕ್ಷ. 2021ರಲ್ಲಿ ಈ ಮಹಾನುಭಾವ ಬೆಲ್‌ವ್ಯೂ ರೋಟರಿ ಕ್ಲಬ್ಬಿನ ಮುಂದೆ ವಿಡಿಯೊ ಭಾಷಣ ಮಾಡಿದರು. ಸಭೆ ಬೆಳಗಿನ ತಿಂಡಿಯ ಕ್ಲಬ್ಬಿನದು, ಮಾತು ಸಲೀಸಾಗಿ ಬಂತು. ಹೊಸ ಹುಡುಗರನ್ನು ಕಳೆದ ಸೀಸನ್ನಿನಲ್ಲಿ ಮೈದಾನಕ್ಕೆ ತರುವ ಯೋಚನೆಯೇ ಇರಲಿಲ್ಲ, ಅವರ ಸೇವೆಯ ಗಡಿಯಾರ ಶುರುವಾಗುತ್ತದಲ್ಲ ಅಂದರು. ಜ್ಯಾರೆಡ್ ಕೆಲೆನಿಕ್‌ಗೆ 6 ವರ್ಷದ ಕರಾರು ಕೊಡಲು ಹೋದೆವು, ಹುಡುಗ ಬೇಡ ಅಂದ ಅಂತಲೂ ಹೇಳಿದರು. ಮೊದಲ ಪಂದ್ಯಕ್ಕೆ ಅವನು ಇರುವುದಿಲ್ಲ, ಆಮೇಲೆ ಬರುತ್ತಾನೆ ಅನ್ನುವುದನ್ನೂ ಮುಚ್ಚಿಡಲಿಲ್ಲ. ಫೀಲ್ಡಿಂಗ್ ಅಂತ ಒಂದು ಮಾತಿಗಾದರೂ ಹೇಳಬಾರದಿತ್ತೇ? ಹೇಳಲಿಲ್ಲ. ಹ್ಯುಲಿಯೊ ರೊಡ್ರಿಗಸ್ ಎಂಬ ಇನ್ನೊಬ್ಬ ಹುಡುಗನ ಇಂಗ್ಲಿಷ್ ಅಷ್ಟಕ್ಕಷ್ಟೇ ಅಂತ ಒಂದು ಟೀಕೆಯನ್ನೂ ಸೇರಿಸಿದರು. ರೋಟರಿಯವರು ಕೇಳಿಸಿಕೊಂಡರು.

ವಿಡಿಯೊ ಹೊರಗೆ ಬಂತು, ಗಲಾಟೆಯಾಯಿತು, ಮ್ಯಾಥರ್ ರಾಜೀನಾಮೆ ಕೊಟ್ಟರು. 172 ದಿನದ ನಿಯಮ ಮಾತ್ರ ರಾಜೀನಾಮೆ ಕೊಡಲಿಲ್ಲ. ಕೆಲೆನಿಕ್ ಮೊದಲ ಪಂದ್ಯಕ್ಕೆ ಬರಲಿಲ್ಲ, ಮೇ ತಿಂಗಳಲ್ಲಿ ಬಂದ. ಅಧ್ಯಕ್ಷರ ಕುರ್ಚಿ ಖಾಲಿಯಾದರೂ ಅವರು ಹೇಳಿದ ಹಾಗೇ ನಡೆಯಿತು.

ಕೆಲೆನಿಕ್ ಸಹಿ ಹಾಕಬೇಕಿತ್ತು ಅಂತ ಈಗ ಅನ್ನುವವರಿದ್ದಾರೆ. ಆ ವರ್ಷ ಅವನ ಸರಾಸರಿ .181. ಸರಿ, ಹಾಗಾದರೆ ಅದೇ ತಂಡದಲ್ಲಿ ಸಹಿ ಹಾಕಿದವನನ್ನು ನೋಡೋಣ. ಇವಾನ್ ವೈಟ್ 2019ರ ನವೆಂಬರ್‌ನಲ್ಲಿ, ಮೇಜರ್ ಲೀಗ್ ಮೆಟ್ಟಿಲು ಹತ್ತುವ ಮುಂಚೆಯೇ 6 ವರ್ಷಕ್ಕೆ 2.4 ಕೋಟಿಗೆ ಒಪ್ಪಿಕೊಂಡಿದ್ದ. ಮೊದಲ ವರ್ಷವೇ ಫೀಲ್ಡಿಂಗ್‌ಗೆ ಗೋಲ್ಡ್ ಗ್ಲವ್ ಪ್ರಶಸ್ತಿ ಬಂತು. (ಸಹಿಯ ಮಹಿಮೆ ನಾನು ಹೇಳಲಿಲ್ಲವಾ!) ಬ್ಯಾಟಿಂಗ್ ಕೈಕೊಟ್ಟಿತು, ಆಮೇಲೆ ಗಾಯಗಳು.

2023ರ ಡಿಸೆಂಬರ್‌ನಲ್ಲಿ ಸಿಯಾಟಲ್ ತಂಡ ಸಹಿ ಹಾಕಿದ ವೈಟ್, ಸಹಿ ಹಾಕದ ಕೆಲೆನಿಕ್ ಇಬ್ಬರನ್ನೂ ಒಂದೇ ಟ್ರೇಡ್‌ನಲ್ಲಿ, ಅಂದರೆ ತಂಡಗಳ ನಡುವಿನ ಆಟಗಾರರ ವಿನಿಮಯದಲ್ಲಿ, ಅಟ್ಲಾಂಟಾಕ್ಕೆ ಸಾಗಹಾಕಿತು. ದೀರ್ಘಕಾಲದ ಕರಾರು ದೀರ್ಘಕಾಲ ಕಟ್ಟಿಹಾಕುವುದು ಆಟಗಾರನನ್ನು, ತಂಡವನ್ನಲ್ಲ. ಅಟ್ಲಾಂಟಾದವರಿಗೆ ಬೇಕಿದ್ದದ್ದು ಕೆಲೆನಿಕ್. ಕರಾರು ಕಂಕುಳಲ್ಲಿ ಇಟ್ಟುಕೊಂಡು ಬಂದ ವೈಟ್‌ನನ್ನು ಅವರು ವಾರದೊಳಗೆ ಏಂಜಲ್ಸ್ ತಂಡಕ್ಕೆ ದಾಟಿಸಿದರು.