ಮೆಟ್ಟಿಲಿಗೆ ಬಿಸಿನೀರು

ಬಿಸಿಲಲ್ಲಿ ಬೆಳೆದ ನನಗೆ ಚಳಿ ಎಂದರೆ ಬೆಳಗಿನ ಜಾವ ಫ್ಯಾನ್ ಆರಿಸಿ, ಹೊದಿಕೆ ಎಳೆದುಕೊಂಡು ಮತ್ತೊಂದು ನಿದ್ದೆ ತೆಗೆಯುವ ಸುಖ. ಹಾಗಾಗಿ ಹಿಮ ಬೀಳುವ ಊರಿಗೆ ಕೆಲಸ ಸಿಕ್ಕಾಗ ಕುಣಿದಾಡಿಬಿಟ್ಟೆ. ಬಂದಿಳಿದ ದಿನ ವಿಮಾನ ನಿಲ್ದಾಣದ ಬಾಗಿಲು ತೆರೆದದ್ದೇ ತಡ, ಮೊದಲ ಉಸಿರಿಗೇ ಮೂಗಿನೊಳಗಿನ ಕೂದಲು ಗರಿಗರಿಯಾಯಿತು. ಅಲ್ಲಿ ಕೂದಲಿದೆ ಎಂಬ ನೆನಪೇ ಅದುವರೆಗೆ ನನಗಿರಲಿಲ್ಲ.

ಹಿಮ ಬಿದ್ದದ್ದು ಮೂರನೇ ರಾತ್ರಿ. ಮಳೆಯಾದರೆ ಗುಡುಗಿ, ಕಿಟಕಿ ಬಡಿದು, ಹೇಳಿ ಕೇಳಿ ಬರುತ್ತದೆ. ಇದು ಕಳ್ಳನ ಹಾಗೆ ಬಂದು ಬೆಳಗಾಗುವಷ್ಟರಲ್ಲಿ ಬೇಲಿ, ಕಾರು, ಮೆಟ್ಟಿಲು ಎಲ್ಲವನ್ನೂ ನುಂಗಿ ಕೂತಿತ್ತು. ಥರ್ಮಾಮೀಟರ್ -10 ತೋರಿಸುತ್ತಿತ್ತು. ಗಂಟೆಗೆ 30 ಕಿ.ಮೀ. ಗಾಳಿ ಇರುವುದರಿಂದ ಅದು ಮೈಗೆ -20ರಂತೆ ತಟ್ಟುತ್ತದೆ ಎಂದಿತು ಹವಾಮಾನ ವರದಿ. ಯಾವುದನ್ನು ನಂಬಲಿ ಎಂದು ಹೊರಗೆ ಹೋಗಿ ಮೂಗನ್ನೇ ಕೇಳೋಣವೆಂದರೆ, ಮೂಗು ಇರುವುದೇ ಗೊತ್ತಾಗಲಿಲ್ಲ.

ಹೊರಡುವುದು ಇಲ್ಲಿ ಒಂದು ಸಮಾರಂಭ. ಒಳಗೆ ಬಿಗಿಯಾದ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಹಾಸಿಗೆಗೆ ತೋಳು ಹೊಲಿದಂಥ ಜಾಕೆಟ್, ಮಫ್ಲರ್, ಟೋಪಿ, ಗ್ಲೌಸ್. ಗ್ಲೌಸ್ ಹಾಕಿದ ಮೇಲೆ ಬೂಟಿನ ದಾರ ಕಟ್ಟಿಲ್ಲವೆಂದು ತಿಳಿಯುತ್ತದೆ. ಬಿಚ್ಚಿ ಕಟ್ಟಿ ಎದ್ದರೆ, ಬೀಗದಕೈ ಪ್ಯಾಂಟಿನ ಜೇಬಿನಲ್ಲಿ, ಅಂದರೆ ಭೂಗರ್ಭದಲ್ಲಿ! ಅದನ್ನು ಅಗೆದು ತೆಗೆಯುವಷ್ಟರಲ್ಲಿ ಬೆನ್ನಮೇಲೆ ಬೆವರು. ಇಷ್ಟು ಚಳಿಯ ಊರಿಗೆ ಬಂದೂ ನಾನು ದಿನಾ ಬೆವರುವುದು ನನ್ನದೇ ಬಾಗಿಲ ಹಿಂದೆ.

ಮೆಟ್ಟಿಲಿನ ಹಿಮ ತೆಗೆಯಲು ಸಲಿಕೆ ಇರಲಿಲ್ಲ. ತಲೆ ಇತ್ತು. ಹಿಮ ಕರಗಲು ಬೇಕಾದದ್ದು ಶಾಖ ತಾನೇ? ಎರಡು ಬಕೆಟ್ ಬಿಸಿನೀರು ತಂದು ಸುರಿದೆ. ಭುಸ್ಸೆಂದು ಹಬೆ ಎದ್ದು, ಹಿಮವೆಲ್ಲ ಮಾಯವಾಗಿ, ನಾಲ್ಕೂ ಮೆಟ್ಟಿಲು ತೊಳೆದಿಟ್ಟಂತೆ ಹೊಳೆದವು. ಫೋಟೋ ತೆಗೆದು ಮನೆಯವರ ಗ್ರೂಪಿಗೆ ಕಳಿಸಿದೆ. ಇಷ್ಟು ಸುಲಭದ ಉಪಾಯ ಈ ಊರಿನವರಿಗೆ ಹೊಳೆದಿಲ್ಲವಲ್ಲ ಎಂದು ಕನಿಕರವೂ ಆಯಿತು.

ಅರ್ಧ ಗಂಟೆಯ ನಂತರ ಹೊರಗೆ ಕಾಲಿಟ್ಟೆ. ಎಡಗಾಲು ಹೇಳದೆ ಕೇಳದೆ ಹೊರಟಿತು. ಬಲಗಾಲು ಅದನ್ನು ಬೀಳ್ಕೊಡಲು ಹಿಂದೆಯೇ ಹೋಯಿತು. ಉಳಿದ ನಾನು ನಾಲ್ಕೂ ಮೆಟ್ಟಿಲನ್ನು ಒಂದೊಂದಾಗಿ, ಬೇರೆ ಬೇರೆ ಸದ್ದಿನಲ್ಲಿ ಎಣಿಸಿಕೊಂಡು ಕೆಳಗೆ ತಲುಪಿದೆ. ಹಾಸಿಗೆಯಂಥ ಜಾಕೆಟ್ಟಿನ ಮೇಲೆ ಅಂದಿನಿಂದ ನನಗೆ ಅಪಾರ ಗೌರವ. ಬಿದ್ದಲ್ಲಿಂದಲೇ ಯಾರಿಗಾದರೂ ಫೋನ್ ಮಾಡೋಣವೆಂದರೆ, ಶೇ. 40 ಚಾರ್ಜ್ ಇದ್ದ ಫೋನು ಚಳಿಗೆ ಕಣ್ಣುಮುಚ್ಚಿತ್ತು.

ಪಕ್ಕದ ಮನೆಯ ಅಜ್ಜಿ ಕೈಯಲ್ಲೊಂದು ಚೀಲ ಹಿಡಿದು ಬಂದರು. "ನೀರು ಹಾಕಿದೆಯಾ?" ಎಂದರು. ಒಪ್ಪಿಕೊಂಡೆ. ಚೀಲದಲ್ಲಿದ್ದದ್ದು ಉಪ್ಪು ಮತ್ತು ಮರಳು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲವಂತೆ. ಆದರೆ -10ರ ಆಸುಪಾಸಿನಲ್ಲಿ ಉಪ್ಪಿಗೂ ಸೋಮಾರಿತನ ಬರುವುದರಿಂದ ಕಾಲಿನ ಹಿಡಿತಕ್ಕೆ ಮರಳು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಕೇಳಿದ್ದೆ. ಇಲ್ಲಿ ನೀರು ಸುರಿದವನು ಉಪ್ಪು ಎರಚಲೇಬೇಕು. ಆಮೇಲೆ ಅಜ್ಜಿ ಪೆಂಗ್ವಿನ್ ನಡಿಗೆಯನ್ನೂ ಕಲಿಸಿದರು. ಪಾದ ಸ್ವಲ್ಪ ಹೊರಕ್ಕೆ, ಮಂಡಿ ತುಸು ಸಡಿಲ, ಪುಟ್ಟ ಹೆಜ್ಜೆ, ಕೈ ಜೇಬಿನಿಂದ ಆಚೆ. ಎಂಬತ್ತರ ಅಜ್ಜಿ ಮುಂದೆ, ಸೊಂಟ ಹಿಡಿದುಕೊಂಡ ನಾನು ಹಿಂದೆ, ಅಂಗಳದಲ್ಲಿ ಎರಡು ಸುತ್ತು ಹಾಕಿದೆವು.

ಒಳಗೆ ಬಂದೊಡನೆ ಕನ್ನಡಕದ ಮೇಲೆಲ್ಲ ಮಂಜು. ಏನೂ ಕಾಣದೆ ಗೋಡೆ ತಡವಿಕೊಂಡು ಹೋಗಿ ಕುರ್ಚಿಯಲ್ಲಿ ಒಂದೇ ಮಗ್ಗುಲಿಗೆ ಕೂತೆ. ಬೆಚ್ಚಗಾದ ಫೋನಿಗೆ ಜೀವ ಬಂದು ಟಿಂಗ್ ಎಂದಿತು. ಫೋಟೋ ನೋಡಿದ ಅಮ್ಮನ ಮೆಸೇಜು: "ಮೆಟ್ಟಿಲು ಎಷ್ಟು ಚೆನ್ನಾಗಿ ಹೊಳೀತಿದೆ, ಮಾರ್ಬಲ್ಲಾ?"