“ಅಕ್ಕ, ಕಳೆದ ಸಲದ್ದೇ ಹಾಕಿ”

ಮಂಗಳೂರಿನಲ್ಲಿ ಎಕ್ಸ್‌ಪೋರ್ಟ್ ಡಾಕ್ಯುಮೆಂಟ್ ಕೆಲಸ ಮಾಡಿಕೊಂಡು ಹದಿನಾಲ್ಕು ವರ್ಷ ಆಯಿತು. ಗೇರುಬೀಜ, ಕಾಫಿ, ಮಸಾಲೆ ಎಲ್ಲ ನನ್ನ ಟೇಬಲ್ ಮೇಲಿಂದಲೇ ಹಡಗು ಹತ್ತುತ್ತವೆ. ಕಂಟೇನರ್ ಕಣ್ಣಿಗೆ ಬೀಳುವುದು ಅಪರೂಪ. ಅದರ ಕಾಗದ ಮಾತ್ರ ದಿನಾ ನೋಡುತ್ತೇನೆ. ಈ ಹದಿನಾಲ್ಕು ವರ್ಷದಲ್ಲಿ ಅತಿ ಜಾಸ್ತಿ ಕೇಳಿದ ಮಾತು ಯಾವುದು ಗೊತ್ತಾ? “ಅಕ್ಕ, ಕಳೆದ ಸಲದ್ದೇ ಹಾಕಿ.”

ಒಂದು ಶುಕ್ರವಾರದ ಕಥೆ ಹೇಳುತ್ತೇನೆ. ಕಾರ್ಕಳ ಕಡೆಯ ಒಂದು ಗೇರುಬೀಜ ಫ್ಯಾಕ್ಟರಿಯ ಮಾಲು, ರಾಟರ್‌ಡ್ಯಾಮ್‌ಗೆ ಹೋಗಬೇಕಿತ್ತು. ಇಪ್ಪತ್ತು ಅಡಿಯ ಕಂಟೇನರ್, 700 ಕಾರ್ಟನ್, ಒಂದೊಂದರಲ್ಲಿ 22.68 ಕಿಲೋ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ಹೊಸಬರು ಕೇಳುತ್ತಾರೆ. 50 ಪೌಂಡ್ ಅಂದರೆ ಅಷ್ಟೇ. ಸಂಜೆ 5ಕ್ಕೆ ಕಟ್‌ಆಫ್, ಅಂದರೆ ಸರಕಿನ ವಿವರ ಹಡಗು ಕಂಪೆನಿಗೆ ಕೊಡುವ ಕೊನೆಯ ಗಡುವು. ಫ್ಯಾಕ್ಟರಿ ಹುಡುಗನ ಮೇಲ್ ಬಂದದ್ದು 3.40ಕ್ಕೆ. ತೆರೆದು ನೋಡಿದರೆ ಎಚ್‌ಎಸ್ ಕೋಡ್ (ಯಾವ ಸರಕು ಎಂದು ಕಸ್ಟಮ್ಸಿಗೆ ಹೇಳುವ ನಂಬರ್) 080131 ಅಂತ ಉಂಟು! ಅದು ಸಿಪ್ಪೆ ಇರುವ ಕಚ್ಚಾ ಗೇರುಬೀಜದ ಕೋಡ್. ಸಿಪ್ಪೆ ಬಿಡಿಸಿದ್ದಕ್ಕೆ 080132. ಆಫ್ರಿಕಾದಿಂದ ಕಚ್ಚಾ ಬೀಜ ತರಿಸಿದ ಹಳೇ ಫೈಲಿನಿಂದ ಕೋಡ್ ಎತ್ತಿ ಹಾಕಿದ್ದಾನೆ ಪುಣ್ಯಾತ್ಮ.

ಅದನ್ನು ಹಿಡಿದೆ. ಸರಿ ಮಾಡಿದೆ. ಆದರೆ ಮಾಲು ಕೊಳ್ಳುವ ಡಚ್ ಪಾರ್ಟಿಯ ಇಒಆರ್‌ಐ ನಂಬರ್ ಎಲ್ಲೂ ಇಲ್ಲ. ಯುರೋಪಿನ ವ್ಯಾಪಾರಿಗಳಿಗೆ ಅಲ್ಲಿನ ಕಸ್ಟಮ್ಸ್ ಕೊಡುವ ನಂಬರ್ ಅದು. ಹುಡುಗನಿಗೆ ಫೋನ್ ಮಾಡಿದೆ. “ಅದೆಂತದು ಅಕ್ಕ?” ಅಂದ. ಹಾಲೆಂಡಿಗೆ ಮೇಲ್ ಹಾಕಿದೆವು. ಉತ್ತರ ಬಂದದ್ದು 6.10ಕ್ಕೆ. ಅಷ್ಟರಲ್ಲಿ ಲೈನಿನವರ, ಅಂದರೆ ಹಡಗು ಕಂಪೆನಿಯವರ, ಪೋರ್ಟಲ್ ಮುಚ್ಚಿತ್ತು. ಕಂಟೇನರ್ ಮುಂದಿನ ವಾರದ ಹಡಗಿಗೆ ರೋಲ್ ಆಯಿತು. ಬಾಡಿಗೆ, ಬೈಗುಳ ಎರಡೂ ನಮ್ಮ ಪಾಲಿಗೆ.

ಇದನ್ನು ಓದಿ “ಇದೆಲ್ಲ ಆಫೀಸರುಗಳ ಕಿರಿಕಿರಿ, ಈ ನಿಯಮವೇ ತೆಗೆಯಬೇಕು” ಅಂತ ಕಾಮೆಂಟ್ ಹಾಕಲು ಹೊರಟವರು ಸ್ವಲ್ಪ ನಿಲ್ಲಿ. ನಾನು ಆ ಗುಂಪಿನವಳಲ್ಲ.

ಸರಕು ಹಡಗು ಹತ್ತುವ ಮೊದಲೇ “ಒಳಗೆ ಏನುಂಟು ಹೇಳು” ಎಂದು ಕೇಳುವ ಪದ್ಧತಿಗೆ ಹೆಚ್ಚು ವಯಸ್ಸಾಗಿಲ್ಲ. ಮೊದಲೆಲ್ಲ ಹಡಗು ಬಂದರು ಮುಟ್ಟುವ ಹೊತ್ತಿಗೆ ಪಟ್ಟಿ ಕೊಟ್ಟರೆ ಸಾಕಿತ್ತು. 2001ರ ಸೆಪ್ಟೆಂಬರ್ 11ರ ದಾಳಿ ಆದ ಮೇಲೆ ಅಮೆರಿಕದವರಿಗೆ ಭಯ ಹಿಡಿಯಿತು. ವಿಮಾನ ಸರಿ, ಕಂಟೇನರ್ ಒಳಗೆ ಬಾಂಬ್ ಬಂದರೆ? ಬಂದರಿಗೆ ಬಂದ ಮೇಲೆ ತೆರೆದು ನೋಡಿ ಏನು ಪ್ರಯೋಜನ? ಹಾಗಾಗಿ ಹಡಗಿಗೆ ಲೋಡ್ ಆಗುವ 24 ಗಂಟೆ ಮೊದಲೇ ಪಟ್ಟಿ ಕೊಡಬೇಕು ಎಂದು 2002ರ ಡಿಸೆಂಬರ್‌ನಲ್ಲಿ ನಿಯಮ ತಂದರು. ಅನುಮಾನ ಬಂದರೆ ‘ಲೋಡ್ ಮಾಡಬೇಡಿ’ ಎಂದು ಅಲ್ಲಿಂದಲೇ ಸಂದೇಶ ಬರುತ್ತದೆ. 2009ರಲ್ಲಿ ಅದರ ಮೇಲೆ ‘ಟೆನ್ ಪ್ಲಸ್ ಟೂ’ ಬಂತು. ಆಮದುದಾರ ಹತ್ತು ಮಾಹಿತಿ ಕೊಡಬೇಕು, ಹಡಗಿನವರು ಎರಡು. ಯಾರು ತಯಾರಿಸಿದರು, ಯಾರು ಮಾರಿದರು, ಕಂಟೇನರ್ ಎಲ್ಲಿ ತುಂಬಿದರು, ಎಲ್ಲವೂ ಬೇಕು. ತಪ್ಪಿದರೆ ಒಂದೊಂದು ತಪ್ಪಿಗೆ 5,000 ಡಾಲರ್‌ವರೆಗೂ ದಂಡ. ಅಮೆರಿಕ ಶುರು ಮಾಡಿದ್ದನ್ನು ಜಪಾನ್, ಚೀನಾ, ಯುರೋಪ್ ತಮ್ಮ ತಮ್ಮ ರೀತಿಯಲ್ಲಿ ಹಿಡಿದುಕೊಂಡವು. ಯುರೋಪಿನ ಹೊಸ ವ್ಯವಸ್ಥೆ, ನಾವು ಐಸಿಎಸ್ ಟೂ ಎನ್ನುವುದು, ಹಡಗಿನ ಸರಕಿಗೆ ಶುರುವಾದದ್ದು 2024ರ ಜೂನ್ 3ರಿಂದ. ಆರಂಕಿಯ ಎಚ್‌ಎಸ್ ಕೋಡ್ ಇಲ್ಲದೆ ಅದರಲ್ಲಿ ಏನೂ ಮುಂದೆ ಹೋಗುವುದಿಲ್ಲ. ಸುಮ್ನೆ ‘ಜನರಲ್ ಕಾರ್ಗೋ’, ‘ಪಾರ್ಟ್ಸ್’ ಅಂತ ಬರೆದರೆ ಒಪ್ಪುವುದಿಲ್ಲ.

ಶುರುವಾದದ್ದು ಬಾಂಬಿನ ಭಯಕ್ಕೆ ಇರಬಹುದು. ನನಗೆ ಇದರ ಬೆಲೆ ಗೊತ್ತಾದದ್ದು ಬೆಂಕಿಯಿಂದ.

2025ರ ಮೇ 25ರಂದು ‘ಎಂಎಸ್‌ಸಿ ಎಲ್ಸಾ 3’ ಕೊಚ್ಚಿ ಹತ್ತಿರ ಮುಳುಗಿತು. ಸುಮಾರು 640 ಕಂಟೇನರ್. ಹದಿಮೂರರಲ್ಲಿ ಅಪಾಯದ ಸರಕು, ಅದರಲ್ಲಿ ಹನ್ನೆರಡರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ನೀರು ತಾಗಿದರೆ ಬೆಂಕಿ ಹತ್ತುವ ಗ್ಯಾಸ್ ಬಿಡುವ ವಸ್ತು, ಅದು ಸಮುದ್ರದ ತಳದಲ್ಲಿ! ಕೇರಳದ ಮೀನುಗಾರರು ಕೇಳಿದ್ದು ಒಂದೇ: ಉಳಿದದ್ದರಲ್ಲಿ ಏನಿತ್ತು, ಪಟ್ಟಿ ಕೊಡಿ. ಎರಡು ವಾರ ಕಳೆದು ಜೂನ್ 9ಕ್ಕೆ ‘ವಾನ್ ಹಾಯ್ 503’ಕ್ಕೆ ಬೆಂಕಿ. ಕೊಲಂಬೊದಿಂದ ಮುಂಬೈ ಹತ್ತಿರದ ನವಾಶೇವಾಕ್ಕೆ ಹೊರಟಿದ್ದ ಹಡಗು. 22 ಜನರಲ್ಲಿ ನಾಲ್ವರು ಕಾಣೆಯಾದರು. ಉಳಿದ 18 ಜನರನ್ನು ಐಎನ್‌ಎಸ್ ಸೂರತ್ ನಮ್ಮ ಪಣಂಬೂರಿನ ಬಂದರಿಗೇ ತಂದು ಇಳಿಸಿತು. ಆ ರಾತ್ರಿ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಬೇರೆ ಮಾತೇ ಇರಲಿಲ್ಲ. ಸುಟ್ಟ ಗಾಯದವರನ್ನು ಆಂಬುಲೆನ್ಸಿಗೆ ಹತ್ತಿಸುವ ವೀಡಿಯೊ ನೋಡುವಾಗ ನನ್ನ ತಲೆಯಲ್ಲಿ ಓಡಿದ್ದು ನಾನು ಟೈಪ್ ಮಾಡಿದ ಸಾಲುಗಳು. ಬೆಂಕಿ ನಂದಿಸಲು ಹೋದವನ ಕೈಯಲ್ಲಿ ಇರುವುದು ಆ ಪಟ್ಟಿಯೇ ಅಲ್ವಾ? ಯಾವ ಡಬ್ಬಿಗೆ ನೀರು ಬಿಡಬಹುದು, ಯಾವುದಕ್ಕೆ ಬಿಡಬಾರದು ಎಂದು ಅವನಿಗೆ ಹೇಳುವವರು ಯಾರು? ನನ್ನ ಹಾಗೆ ಎಲ್ಲೋ ಕೂತು ಟೈಪ್ ಮಾಡಿದವರು.

ಕಾಗದದ ಮೇಲೆ ಒಂದು, ಡಬ್ಬಿಯಲ್ಲಿ ಇನ್ನೊಂದು ಎನ್ನುವುದು ಹೊಸ ರೋಗವಲ್ಲ. 2007ರಲ್ಲಿ ಇಂಗ್ಲೆಂಡ್ ತೀರದಲ್ಲಿ ‘ಎಂಎಸ್‌ಸಿ ನಾಪೊಲಿ’ ಒಡೆದಾಗ ಡೆಕ್ ಮೇಲಿನ ಕಂಟೇನರ್‌ಗಳನ್ನು ತೂಕಕ್ಕೆ ಹಾಕಿ ನೋಡಿದರು. ಸುಮಾರು ಐದಕ್ಕೊಂದರಲ್ಲಿ, ಬರೆದ ತೂಕಕ್ಕೂ ನಿಜವಾದ ತೂಕಕ್ಕೂ ಮೂರು ಟನ್‌ಗಿಂತ ಜಾಸ್ತಿ ವ್ಯತ್ಯಾಸ ಇತ್ತು. ತುಂಬಿದ ಕಂಟೇನರ್ ತೂಕ ಮಾಡಿಯೇ ಕಳಿಸಬೇಕು ಎಂಬ ನಿಯಮ ಬಂದದ್ದು 2016ರ ಜುಲೈಯಲ್ಲಿ. ಆಗಲೂ ನಮ್ಮ ಪಾರ್ಟಿಗಳು ನನಗೆ ಫೋನ್ ಮಾಡಿ “ಕಳೆದ ಸಲದ್ದೇ ಹಾಕಿ” ಅಂದಿದ್ದರು. ತೂಕಕ್ಕೂ!

ಹಾಗಾದರೆ ನನ್ನ ತಕರಾರು ಏನು? ಟೈಮ್.

ಕಾನೂನು ಕೇಳುವುದು 24 ಗಂಟೆ. ಯುರೋಪಿಗೆ, ಅಮೆರಿಕಕ್ಕೆ ಹೋಗುವ ದೊಡ್ಡ ಹಡಗಿಗೆ ಲೋಡ್ ಆಗುವ 24 ಗಂಟೆ ಮೊದಲು. ಮಂಗಳೂರಿನ ಡಬ್ಬಿ ಚಿಕ್ಕ ಫೀಡರ್‌ನಲ್ಲಿ ಕೊಲಂಬೊಗೆ ಹೋಗಿ ಅಲ್ಲಿ ಮದರ್ ವೆಸೆಲ್ ಹತ್ತುವುದಾದರೆ ಲೆಕ್ಕ ಶುರುವಾಗುವುದು ಕೊಲಂಬೊದಲ್ಲಿ. ಆದರೆ ಲೈನಿನವರು ತಮ್ಮ ಸುರಕ್ಷತೆಗೆ ಒಂದು ದಿನ ಸೇರಿಸುತ್ತಾರೆ. ಮಧ್ಯದ ಫಾರ್ವರ್ಡರ್, ಅಂದರೆ ಸಾಗಣೆ ಏಜೆಂಟ್, ತನಗೊಂದು ಅರ್ಧ ದಿನ. ಶನಿವಾರ, ಭಾನುವಾರ ಅಡ್ಡ ಬಂದರೆ ಅದನ್ನೂ ಹಿಂದಕ್ಕೆ ತಳ್ಳುತ್ತಾರೆ. ಕಡೆಗೆ ಕಾರ್ಕಳದ ಹುಡುಗನಿಗೆ ಹೇಳುವಾಗ, ಇನ್ನೂ ಮಾಲು ತುಂಬದ, ಸೀಲ್ ಹಾಕದ ಕಂಟೇನರಿನ ಒಳಗಿನದ್ದನ್ನು ಅವನು ಬರೆದುಕೊಡಬೇಕು. ಅವನೇನು ಜ್ಯೋತಿಷಿಯಾ? ಕಳೆದ ಸಲದ್ದನ್ನೇ ಹಾಕುತ್ತಾನೆ. ನಿಜ ಬರೆಯಲಿ ಎಂದು ಮಾಡಿದ ನಿಯಮ, ಕೈಯಿಂದ ಕೈಗೆ ಬರುತ್ತಾ ಬರುತ್ತಾ ಊಹೆ ಬರೆಸುತ್ತದೆ. ಆಮೇಲೆ ತಿದ್ದಬೇಕು ಅಂದರೆ ತಿದ್ದುಪಡಿ ಚಾರ್ಜ್. ಅದಕ್ಕೆ ಹೆದರಿ ಎಷ್ಟೋ ಜನ ಸಣ್ಣ ತಪ್ಪನ್ನು ಹಾಗೇ ಬಿಡುತ್ತಾರೆ. ನಾನೂ ಬಿಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆಮದಿನಲ್ಲಿ ನಮ್ಮ ದೇಶದ್ದೂ ಇದೇ ಕಥೆ. 2021ರಿಂದ ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ ಬಿಲ್ ಆಫ್ ಎಂಟ್ರಿ (ಏನು ಆಮದಾಗುತ್ತಿದೆ ಎಂದು ಕಸ್ಟಮ್ಸಿಗೆ ಹೇಳುವ ಕಾಗದ) ಹಾಕಬೇಕು, ರಜೆ ಇದ್ದರೂ ಸರಿ. ಶ್ರೀಲಂಕಾದಂಥ ಕೆಲವು ನೆರೆ ದೇಶಗಳಿಂದ ಬರುವ ಮಾಲಿಗೆ ಬಂದ ದಿನವೇ ಹಾಕಬಹುದು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ನಿಯಮ ಒಳ್ಳೆಯದೇ, ಮಾಲು ಬೇಗ ಹೊರಬರುತ್ತದೆ. ಆದರೆ ಆಫ್ರಿಕಾದ ಕಚ್ಚಾ ಗೇರುಬೀಜದ ಕಾಗದ ಬ್ಯಾಂಕಿನಿಂದ ಬ್ಯಾಂಕಿಗೆ ನಡೆದುಕೊಂಡು ಬರುವಷ್ಟರಲ್ಲಿ ಹಡಗು ಬಂದು ನಿಂತಿರುತ್ತದೆ. ದಂಡ ಬೀಳುವುದು ಬ್ಯಾಂಕಿಗಲ್ಲ. ಇನ್ನು ಹಡಗಿನವರು ಮೊದಲೇ ಪಟ್ಟಿ ಕೊಡಬೇಕೆನ್ನುವ ನಮ್ಮದೇ ನಿಯಮ 2018ರಲ್ಲಿ ಹೊರಟಿತು. ಅದರ ಗಡುವನ್ನು ಎಷ್ಟು ಸಲ ಮುಂದೂಡಿದರು ಎಂದು ಎಣಿಸುವುದನ್ನು ನಾನು ಬಿಟ್ಟೆ. ದೊಡ್ಡವರಿಗೆ ಗಡುವು ಮುಂದೆ ಹೋಗುತ್ತದೆ, ಸಣ್ಣವರಿಗೆ ಹಿಂದೆ ಬರುತ್ತದೆ.

ನನಗೆ ಬೇಕಾದದ್ದು ದೊಡ್ಡದೇನಲ್ಲ. ಬುಕಿಂಗ್ ಕಾಗದದಲ್ಲಿ ಎರಡು ಟೈಮ್ ಬರೆಯಲಿ. ಒಂದು ಕಾನೂನಿನ ಟೈಮ್, ಇನ್ನೊಂದು ಲೈನಿನವರು ಇಟ್ಟುಕೊಂಡ ಟೈಮ್. ಎರಡರ ನಡುವೆ ಸೀಲ್ ನಂಬರ್, ಕಾರ್ಟನ್ ಲೆಕ್ಕ, ಕೋಡ್ ತಿದ್ದಿದರೆ ಚಾರ್ಜ್ ಹಾಕಬೇಡಿ. ಹೇಗೂ ಕಸ್ಟಮ್ಸಿಗೆ ಇನ್ನೂ ಹೋಗಿರುವುದಿಲ್ಲವಲ್ಲ, ಯಾರಿಗೆ ನಷ್ಟ? ಫ್ಯಾಕ್ಟರಿಯವರೂ ಆರ್ಡರ್ ಆದ ದಿನವೇ ಪಾರ್ಟಿಯ ಇಒಆರ್‌ಐ ತರಿಸಿ ಇಟ್ಟುಕೊಳ್ಳಲಿ. ಅದಕ್ಕೆ ಕಟ್‌ಆಫ್ ದಿನವೇ ಬೇಕಾ?

ಈ ಎರಡು ಟೈಮಿನ ಮಾತನ್ನು ಒಂದು ಲೈನಿನ ಆಫೀಸಿಗೇ ಹೋಗಿ ಹೇಳಿದ್ದೆ. ಪಾಪ, ಅವರು ಚಾ ಕೊಟ್ಟು ಪೂರ್ತಿ ಕೇಳಿಸಿಕೊಂಡರು. “ನೀವು ಹೇಳಿದ್ದು ಸರಿ ಮೇಡಂ” ಅಂದರು. “ಆದರೆ ಸಿಸ್ಟಮ್‌ನಲ್ಲಿ ಒಂದೇ ಕಾಲಮ್ ಉಂಟು ಮಾರಾಯ್ರೆ.”