ಕೂಸಿಗಿಂತ ಮೊದಲು ಬಂದ ಕುಲಾವಿಗಳು

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಕಂಡು ನಗುವುದಕ್ಕೆಂದೇ ನಮ್ಮ ಹಿರಿಯರು ಒಂದು ಗಾದೆಯನ್ನು ಕಟ್ಟಿಟ್ಟಿದ್ದರು. ಈಗ ಆ ಗಾದೆಗೆ ಯಾರೂ ನಗುವುದಿಲ್ಲ, ಏಕೆಂದರೆ ಅದು ಬಡ್ತಿ ಪಡೆದು ಒಂದು ದೊಡ್ಡ ಉದ್ಯಮದ ಕಾರ್ಯಸೂಚಿಯಾಗಿದೆ. ನನ್ನ ಮಗಳಿಗೆ ಆರು ತಿಂಗಳು ತುಂಬಿದ ವಾರದಲ್ಲಿ ನಮ್ಮ ಅಳಿಯಂದಿರು ಬೆಂಗಳೂರಿನಿಂದ ಮೈಸೂರಿನಲ್ಲಿರುವ ನನಗೆ ಒಂದು ಎಕ್ಸೆಲ್ ಹಾಳೆಯನ್ನು ಕಳುಹಿಸಿದರು. ಅದರಲ್ಲಿ 87 ಸಾಲುಗಳಿದ್ದವು. ಕುಲಾವಿ 14ನೆಯ ಸಾಲಿನಲ್ಲಿತ್ತು, ಅದೂ ಮೂರು ಅಳತೆಗಳಲ್ಲಿ, ಋತುವಿಗೊಂದು ಬಣ್ಣದಂತೆ. “ಮಾವ, ಇದರಲ್ಲಿ ಯಾವುದನ್ನು ಕೊಳ್ಳದೆ ಬಿಡಬಹುದೆಂದು ತಾವು ಹಿರಿಯರು ನೋಡಿ ಹೇಳಬೇಕು” ಎಂದು ಅವರು ವಿನಯದಿಂದ ಬರೆದಿದ್ದರು. ಅಳಿಯಂದಿರ ಪಟ್ಟಿಯಿಂದ ಒಂದು ಸಾಲನ್ನು ಹೊಡೆದು ಹಾಕುವುದು ಎಷ್ಟು ನಾಜೂಕಿನ ಕೆಲಸವೆಂಬುದನ್ನು ಹೆಣ್ಣು ಕೊಟ್ಟವರೇ ಬಲ್ಲರು. ಆದರೂ ಮೂವತ್ತೈದು ವರ್ಷ ಲೆಕ್ಕಪತ್ರ ತಪಾಸಣೆ ಮಾಡಿದ ಕೈ ಸುಮ್ಮನಿರದೆ ಕೆಂಪು ಪೆನ್ನನ್ನು ಹುಡುಕಿತು.

ಮೊದಲ ಸಾಲಿನಲ್ಲಿಯೇ ನನ್ನ ಅಜ್ಞಾನ ಬಯಲಾಯಿತು. ಕೂಸಿನ ಕಕ್ಕ ಒರೆಸುವ ವೈಪ್ಸ್ ಮೈಗೆ ತಣ್ಣಗೆ ತಾಗಬಾರದೆಂದು ಅವನ್ನು ಮೊದಲೇ ಬೆಚ್ಚಗೆ ಮಾಡಿಡುವ ಒಂದು ವಿದ್ಯುತ್ ಪೆಟ್ಟಿಗೆ ಇದೆಯಂತೆ. ಅದನ್ನು ಯೋಚಿಸಿದ ಮಹನೀಯರ ಊರಿನಲ್ಲಿ ಹಿಮ ಬೀಳುತ್ತಿರಬಹುದು. ನಮಗೆ ಡಾಕ್ಟರು ಕೊಟ್ಟಿದ್ದ ದಿನಾಂಕ ಏಪ್ರಿಲ್ ಕೊನೆಯ ವಾರದ್ದಾಗಿತ್ತು, ಆ ದಿನಗಳಲ್ಲಿ ಮಹಡಿಯ ಮೇಲಿನ ಕಪ್ಪು ಟ್ಯಾಂಕಿನಿಂದ ಮಧ್ಯಾಹ್ನ ಇಳಿಯುವ ನೀರಿಗೆ ಕೂಸಿನ ತಾತನೂ ಕೈಯೊಡ್ಡಲು ಹಿಂಜರಿಯುತ್ತಾನೆ. ಅದರ ಕೆಳಗೆ ಬಾಟಲಿಯನ್ನು ಬೆಚ್ಚಗೆ ಮಾಡುವುದಕ್ಕೆ ಒಂದು ಪೆಟ್ಟಿಗೆ, ಅದನ್ನು ಹಬೆಯಲ್ಲಿ ಶುದ್ಧಿ ಮಾಡುವುದಕ್ಕೆ ಇನ್ನೊಂದು, ಶುದ್ಧಿಯಾದದ್ದನ್ನು ಒಣಗಿಸುವುದಕ್ಕೆ ಮತ್ತೊಂದು ಪೆಟ್ಟಿಗೆಯಿತ್ತು. ಈ ಮೂರೂ ಇಲಾಖೆಗಳನ್ನು ನಮ್ಮ ಅಡುಗೆಮನೆಯಲ್ಲಿ ಇದುವರೆಗೆ ಒಂದು ಮುಚ್ಚಳದ ಪಾತ್ರೆಯೇ ಹೆಚ್ಚುವರಿ ಭತ್ಯೆಯಿಲ್ಲದೆ ನಿರ್ವಹಿಸುತ್ತಿತ್ತು. ಕೂಸನ್ನು ಬೆಚ್ಚಗಿಡುವ ನಿಜವಾದ ಉಪಕರಣವೊಂದು ವೈದ್ಯರಿಗೆ ಗೊತ್ತಿದೆ: 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರುಗಳು ಸಾಲದೆ ಹೋದಾಗ ಎಡ್ಗರ್ ರೇ ಎಂಬ ವೈದ್ಯರು ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಂದಿರ ಬರಿಯೆದೆಗೆ ಒರಗಿಸಿ ಕಟ್ಟಿಸಿದರು, ಆ ಪದ್ಧತಿ ಇಂದು ಕಾಂಗರೂ ಆರೈಕೆಯೆಂಬ ಹೆಸರಿನಲ್ಲಿ ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಇದೆ. ತಾಯಿಯ ಎದೆಗೆ ಗರಿಷ್ಠ ಮಾರಾಟ ಬೆಲೆ ನಮೂದಿಸಿಲ್ಲದ ಕಾರಣ ಅದು ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸಲಿಲ್ಲ.

ಹಾಳೆಯನ್ನು ಕೆಳಗೆ ಸರಿಸಿದಂತೆ ಅದನ್ನು ಬರೆದವರ ಮನಸ್ಸು ತಿಳಿಯುತ್ತ ಹೋಯಿತು. ಕೂಸೆಂಬುದು ಅತ್ಯಂತ ಅಪಾಯಕಾರಿಯಾದ ಗ್ರಹವೊಂದರಿಂದ ಭೂಮಿಗೆ ಇಳಿಯಲಿರುವ ಯಾತ್ರಿಕನೆಂದೂ, ಅದಕ್ಕೆ ಕವಚ ತೊಡಿಸದ ತಂದೆತಾಯಿಗಳು ದಂಡನೀಯರೆಂದೂ ಅವರ ನಂಬಿಕೆ. ಅಂಬೆಗಾಲಿಡುವಾಗ ಮಂಡಿ ತರಚದಂತೆ ಮಂಡಿಗವಸು ಬೇಕು. ಹಿಂದಕ್ಕೆ ಬಿದ್ದರೆ ತಲೆಗೆ ಪೆಟ್ಟಾಗದಂತೆ ಜೇನುನೊಣದ ಆಕಾರದ ಮೆತ್ತೆಯೊಂದನ್ನು ಬೆನ್ನಿಗೆ ಕಟ್ಟಬೇಕು, ಆಗ ಕೂಸು ಪಾಠವಿಲ್ಲದ ಶಾಲೆಗೆ ಚೀಲ ಹೊತ್ತು ಹೊರಟಂತೆ ಕಾಣುತ್ತದೆ. ಇವನ್ನೆಲ್ಲ ತೊಡಿಸಿ ಗ್ರಾನೈಟ್ ನೆಲದ ಮೇಲೆ ಜೋಪಾನವಾಗಿ ಹರಿದಾಡಿಸಿದ ಅದೇ ಕೂಸನ್ನು ಸಂಜೆ ಸ್ಕೂಟರಿನ ಮುಂಭಾಗದಲ್ಲಿ ನಿಲ್ಲಿಸಿಕೊಂಡು ತಂದೆ ಸಿಗ್ನಲ್ ಹಾರಿಸುವುದನ್ನು ನಾವು ದಿನವೂ ನೋಡುತ್ತೇವೆ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಾಗ ಸವಾರನಿಗೆ ಬಿಗಿಯುವ ಸುರಕ್ಷಾಪಟ್ಟಿಯೂ ಹೆಲ್ಮೆಟ್ಟೂ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಕೂಡದು ಎಂಬ ಕೇಂದ್ರದ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಆ ಪಟ್ಟಿಯಾಗಲಿ ಆ ಹೆಲ್ಮೆಟ್ಟಾಗಲಿ 87 ಸಾಲುಗಳಲ್ಲಿ ಇರಲಿಲ್ಲ. ನಡೆಯಲು ಬಾರದವರ ಬೂಟುಗಳಿಗೆ ಮಾತ್ರ ನಾಲ್ಕು ಸಾಲುಗಳಿದ್ದವು.

ಚಕ್ರಗಳ ವಾಕರ್ 33ನೆಯ ಸಾಲು. ಕೂಸು ಬೇಗ ನಡೆಯಲು ಇದು ನೆರವಾಗುತ್ತದೆಂದು ಅಂಗಡಿಯವರು ಹೇಳುತ್ತಾರೆ, ಮಕ್ಕಳ ವೈದ್ಯರು ಬೇಡವೆನ್ನುತ್ತಾರೆ. ಮೆಟ್ಟಿಲಿನಿಂದ ಉರುಳಿದ ಕೂಸುಗಳನ್ನು ನೋಡಿ ನೋಡಿ ಬೇಸತ್ತ ಕೆನಡಾ ದೇಶವು 2004ರಲ್ಲಿ ಅದರ ಮಾರಾಟ, ಆಮದು, ಜಾಹೀರಾತು ಮೂರನ್ನೂ ನಿಷೇಧಿಸಿತು. ತೊಟ್ಟಿಲಿನ ಒಳಬದಿಗೆ ಸುತ್ತಲೂ ಕಟ್ಟುವ ಮೆತ್ತೆ 41ನೆಯ ಸಾಲಾಗಿತ್ತು. ಕೂಸಿಗೆ ಉಸಿರುಕಟ್ಟುವ ಅಪಾಯವಿರುವುದರಿಂದ ಅಮೆರಿಕದವರು 2022ರಲ್ಲಿ ಕಾನೂನು ಮಾಡಿ ಅದನ್ನು ಅಂಗಡಿಗಳಿಂದ ಇಳಿಸಿದರು. ಅಲ್ಲಿಂದ ಇಳಿದದ್ದು ನಮ್ಮಲ್ಲಿ ಅಚ್ಚುಕಟ್ಟಾಗಿ ಹತ್ತಿ ಕುಳಿತಿದೆ, ಅದೂ ‘ವಿದೇಶಿ ಗುಣಮಟ್ಟ’ ಎಂಬ ಚೀಟಿಯೊಂದಿಗೆ.

ಈ ಹಂತದಲ್ಲಿ ನನ್ನ ಮುಗುಳುನಗೆಯನ್ನು ಗಮನಿಸಿದ ನನ್ನ ಹೆಂಡತಿ, ಈ ಕಾಲದವರಿಗೆ ಏನೂ ತಿಳಿಯದೆಂದು ತೀರ್ಪಿತ್ತು ತನ್ನ ಪಟ್ಟಿಯನ್ನು ಬಾಯಲ್ಲಿಯೇ ಹೇಳಿದಳು. ತಲೆ ದುಂಡಗಾಗಲು ಸಾಸಿವೆ ದಿಂಬು, ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಮತ್ತು ಮೈತುಂಬ ಪೌಡರು, ಕಣ್ಣಿಗೆ ಕಾಡಿಗೆ, ಕೈಗೆ ಬಜೆಯ ಬಳೆ, ಹೊಟ್ಟೆನೋವಿಗೆ ಗ್ರೈಪ್ ವಾಟರ್. ದಿಂಬೇ ಬೇಡವೆಂದು ವೈದ್ಯರು ಹೇಳುತ್ತಾರೆ, ಸಾಸಿವೆಯದೂ ಸೇರಿದಂತೆ. ಟಾಲ್ಕ್ ಇರುವ ಬೇಬಿ ಪೌಡರಿಗೆ ಹೆಸರಾಗಿದ್ದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯೇ ಮೊಕದ್ದಮೆಗಳ ರಾಶಿಯ ನಡುವೆ ಅದನ್ನು 2020ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ನಿಲ್ಲಿಸಿ, 2023ರಲ್ಲಿ ಜಗತ್ತಿನಾದ್ಯಂತ ಮೆಕ್ಕೆಜೋಳದ ಪಿಷ್ಟಕ್ಕೆ ಬದಲಾಯಿಸಿತು. ಗ್ರೈಪ್ ವಾಟರ್ ನಮ್ಮ ಅಜ್ಜಿಯರ ಮನೆಮದ್ದೆಂದು ನಾನು ಬಹುಕಾಲ ನಂಬಿದ್ದೆ. ಅದು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ವ್ಯಾಪಾರಿ ಮಾಡಿದ ದ್ರಾವಣವೆಂದೂ, ಅದರಲ್ಲಿ ಮದ್ಯಸಾರವಿತ್ತೆಂದೂ ತಿಳಿದಾಗ, ಹಿಂದಿನ ಕಾಲದ ಮಕ್ಕಳು ಎಷ್ಟು ಶಾಂತವಾಗಿ ಮಲಗುತ್ತಿದ್ದರೆಂಬ ಹಿರಿಯರ ಹೊಗಳಿಕೆಯ ಮರ್ಮ ಅರ್ಥವಾಯಿತು. ಇದನ್ನು ನಾನು ಹೆಂಡತಿಗೆ ಹೇಳಲಿಲ್ಲ. ತಪಾಸಣೆಗೂ ಒಂದು ವ್ಯಾಪ್ತಿಯಿರುತ್ತದೆ.

ಸರ್ಕಾರವೂ ಹಿಂದೆ ಇಂಥದೊಂದು ಪಟ್ಟಿ ಮಾಡಿತ್ತು. 2007ರಲ್ಲಿ ಕರ್ನಾಟಕವು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರುವ ಬಡ ತಾಯಂದಿರಿಗಾಗಿ ‘ಮಡಿಲು’ ಯೋಜನೆಯನ್ನು ತಂದು ಒಂದು ಚೀಲವನ್ನು ಕೊಡತೊಡಗಿದಾಗ, ಸೊಳ್ಳೆಪರದೆ, ಜಮಖಾನ, ಹೊದಿಕೆ, ಸೋಪು, ತೆಂಗಿನೆಣ್ಣೆ, ಬಾಚಣಿಗೆ, ಬಾಣಂತಿ ಹೊಟ್ಟೆಗೆ ಕಟ್ಟಿಕೊಳ್ಳುವ ಬಟ್ಟೆ, ಕೂಸಿಗೆ ರಬ್ಬರ್ ಶೀಟು, ಸ್ವೆಟರು, ಟೋಪಿ, ಕಾಲುಚೀಲ ಇತ್ಯಾದಿಗಳೆಲ್ಲ ಸೇರಿ ಅದರಲ್ಲಿದ್ದದ್ದು 19 ವಸ್ತುಗಳು. ಆ ಪಟ್ಟಿಯನ್ನು ಯಾವ ಗುಮಾಸ್ತರು ಬರೆದರೋ ತಿಳಿಯದು, ಆದರೆ ಹೆರಿಗೆಯಲ್ಲಿ ಇಬ್ಬರಿರುತ್ತಾರೆಂಬ ಸಂಗತಿ ಅವರಿಗೆ ನೆನಪಿತ್ತು. ನಮ್ಮ ಅಳಿಯಂದಿರ 87 ಸಾಲುಗಳಲ್ಲಿ ನನ್ನ ಮಗಳ ಪಾಲಿಗೆ ಬಂದದ್ದು ಒಂದೇ ಸಾಲು, ಅದು ಹಾಲೂಡಿಸುವಾಗ ಇಟ್ಟುಕೊಳ್ಳುವ ಅರ್ಧಚಂದ್ರಾಕಾರದ ದಿಂಬು. ಅದರ ಮುಂದೆ ಕೂಡ ‘ಕೂಸಿನ ಕುತ್ತಿಗೆಗೆ ಒಳ್ಳೆಯದು’ ಎಂಬ ಷರಾ ಇತ್ತು.

ಆಹಾರದ ವಿಭಾಗಕ್ಕೆ ಬಂದಾಗ ಕಾನೂನಿನ ಒಂದು ಸೋಜಿಗ ನೆನಪಾಯಿತು. ಹಾಲುಪುಡಿ, ಹಾಲಿನ ಬಾಟಲಿ ಮತ್ತು ಶಿಶು ಆಹಾರಗಳ ಜಾಹೀರಾತನ್ನು ಈ ದೇಶದಲ್ಲಿ 1992ರ ಕಾಯಿದೆಯೂ 2003ರ ಅದರ ತಿದ್ದುಪಡಿಯೂ ಸೇರಿ ನಿಷೇಧಿಸಿವೆ. ಹಾಲುಪುಡಿಯ ಡಬ್ಬಿಯ ಮೇಲೆ ಕೂಸಿನ ಚಿತ್ರವನ್ನಾಗಲಿ ತಾಯಿಯ ಚಿತ್ರವನ್ನಾಗಲಿ ಅಚ್ಚು ಹಾಕುವಂತಿಲ್ಲ. ಇಷ್ಟು ಬಿಗಿಯಾದ ಬಾಗಿಲಿನ ಸಂದಿಯಿಂದ ಮೊಬೈಲಿನ ರೀಲುಗಳು ಸುಖವಾಗಿ ಒಳಗೆ ಬಂದಿವೆ. ಅಲ್ಲಿ ಜಾಹೀರಾತುಗಳೆಂಬುವೇ ಇಲ್ಲ. ಅಲ್ಲಿರುವುದು ತನ್ನ ಅನುಭವವನ್ನು ಇತರ ತಾಯಂದಿರೊಡನೆ ನಿಸ್ವಾರ್ಥವಾಗಿ ಹಂಚಿಕೊಳ್ಳುವ ತಾಯಿ, ಆಕೆಯ ಪಕ್ಕದಲ್ಲಿ ಆಕಸ್ಮಿಕವಾಗಿ ಇರುವ ಡಬ್ಬಿ ಮತ್ತು ಕೆಳಗೆ ರಿಯಾಯಿತಿಯ ಸಂಕೇತಾಕ್ಷರ. ಹೀಗೆ ಹಂಚಿಕೊಂಡ ಅನುಭವವೊಂದರಿಂದಲೇ 58ನೆಯ ಸಾಲಿನ ‘ಮೊಳಕೆ ಬರಿಸಿದ ಸಾವಯವ ರಾಗಿ ಪುಡಿ’ ನಮ್ಮ ಪಟ್ಟಿಗೆ ಬಂದಿತ್ತು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹುರಿದು ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸಿ ತೆಗೆಯುವ ಆ ಪುಡಿಗೆ ಈ ಸೀಮೆಯಲ್ಲಿ ರಾಗಿ ಸರಿ ಎಂದು ಹೆಸರು. 2025-26ಕ್ಕೆ ರಾಗಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಎಂದರೆ ಕಿಲೋಗೆ ಐವತ್ತು ರೂಪಾಯಿಯೊಳಗೆ. ಅದೇ ರಾಗಿ ಮಂಡ್ಯದಿಂದ ಹೊರಟು, ಆನೆಮರಿಯ ಚಿತ್ರವಿರುವ ಪೊಟ್ಟಣವನ್ನು ಹೊಕ್ಕು, ಅಳಿಯಂದಿರ ಫೋನಿನಲ್ಲಿ ಪ್ರತ್ಯಕ್ಷವಾಗುವಷ್ಟರಲ್ಲಿ ಅದರ ಬೆಲೆ ಕೂಸಿಗಿಂತ ಬೇಗ ಬೆಳೆದಿರುತ್ತದೆ. ಆ ಬೆಳವಣಿಗೆಯಲ್ಲಿ ರೈತನಿಗೆ ಪಾಲಿಲ್ಲ, ಆನೆಮರಿಗೆ ಇದೆ.

ಇನ್ನು ಕೂಸುಗಾಡಿ, ಅಂದರೆ ಸ್ಟ್ರೋಲರ್. ಪಟ್ಟಿಯಲ್ಲಿ ಅತ್ಯಂತ ದುಬಾರಿಯಾದ ಸಾಲು ಇದೇ ಆದ್ದರಿಂದ, ಸೀಮಂತದ ಸಾಮಾನು ತರಲು ಬೆಂಗಳೂರಿಗೆ ಹೋದಾಗ ನಾನು ಅಳಿಯಂದಿರ ಬಡಾವಣೆಯಲ್ಲಿ ಸ್ಥಳ ತನಿಖೆಯನ್ನೇ ಮಾಡಿದೆ. ಅಪಾರ್ಟ್‌ಮೆಂಟಿನ ಗೇಟಿನಿಂದ ಉದ್ಯಾನದವರೆಗೆ ಸುಮಾರು ನಾನೂರು ಹೆಜ್ಜೆ. ಮೊದಲ ಮೂವತ್ತು ಹೆಜ್ಜೆಗಳವರೆಗೆ ಪಾದಚಾರಿ ಮಾರ್ಗವು ನಿಜವಾಗಿಯೂ ಇದೆ, ಅಲ್ಲಿ ಸ್ಕೂಟರುಗಳು ಸಾಲಾಗಿ ನಿಂತಿವೆ. ಅನಂತರ ಒಂದು ವಿದ್ಯುತ್ ಪರಿವರ್ತಕ ತನ್ನ ಕಬ್ಬಿಣದ ಬೇಲಿಯೊಡನೆ ಇಡೀ ಅಗಲವನ್ನು ಆಕ್ರಮಿಸಿಕೊಂಡಿದೆ. ಅದನ್ನು ದಾಟಲು ರಸ್ತೆಗಿಳಿದರೆ ಎದುರಿನಿಂದ ಬರುವ ಟ್ಯಾಂಕರ್ ನಮ್ಮನ್ನು ಮತ್ತೆ ಮೇಲೆ ಹತ್ತಿಸುತ್ತದೆ, ಅಲ್ಲಿ ಚರಂಡಿಯ ಮೇಲಿನ ಕಲ್ಲುಚಪ್ಪಡಿಯೊಂದು ಬಾಯಿ ತೆರೆದಿದೆ, ಆ ಬಾಯಿಯಲ್ಲಿ ಯಾರೋ ಸದ್ಭಾವನೆಯಿಂದ ಒಂದು ಮರದ ಕೊಂಬೆಯನ್ನು ನೆಟ್ಟಿದ್ದಾರೆ. ಮುಂದೆ ಎಳನೀರಿನ ಗಾಡಿ, ಕೇಬಲ್ ಹೂಳಲು ಅಗೆದ ಗುಂಡಿ, ಹೂಳದೆ ಉಳಿದ ಕೇಬಲ್‌ಗಳ ಸುರುಳಿ, ಬೆಳಗಿನ ಕಸ. ನಾನೂರು ಹೆಜ್ಜೆಗಳಲ್ಲಿ ಹದಿನೇಳು ಸಲ ಹತ್ತಿ ಇಳಿದೆ. ಅಷ್ಟು ಹತ್ತಿ ಇಳಿದಿದ್ದರೆ ಚಾಮುಂಡಿ ಬೆಟ್ಟದ ನಂದಿಯನ್ನಾದರೂ ನೋಡಿಕೊಂಡು ಬರಬಹುದಾಗಿತ್ತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಬೆಂಗಳೂರಿಗೆ ಐದು ಪಾಲಿಕೆಗಳು ಬಂದವಷ್ಟೆ. ಆಸ್ತಿ ಹಂಚಿಕೆಯಲ್ಲಿ ಈ ಚಪ್ಪಡಿಯ ಬಾಯಿ ಯಾವ ಪಾಲಿಕೆಯ ಪಾಲಿಗೆ ಬಂತೆಂದು ಕಾವಲುಗಾರನನ್ನು ವಿಚಾರಿಸಿದೆ, ಅವನು ಕೊಂಬೆಯ ಕಡೆಗೆ ಕೈ ತೋರಿಸಿದ.

ಹಾಗಾದರೆ ಇಲ್ಲಿ ಕೂಸುಗಾಡಿಗಳನ್ನು ಯಾರೂ ಬಳಸುವುದಿಲ್ಲವೆ? ಬಳಸುತ್ತಾರೆ. ಅದೇ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಅರ್ಧ ಗಂಟೆ ನಿಂತು ನೋಡಿದಾಗ, ಮೂರು ಸ್ಟ್ರೋಲರುಗಳು ನನ್ನೆದುರಿನಿಂದಲೇ ಲಿಫ್ಟಿನ ಕಡೆಗೆ ಹೋದವು. ಒಂದರಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಎದೆಪಟ್ಟಿ ಬಿಗಿದುಕೊಂಡು ಒರಗಿತ್ತು, ಇನ್ನೊಂದರಲ್ಲಿ ಈರುಳ್ಳಿ ಮೂಟೆ, ಮತ್ತೊಂದರಲ್ಲಿ ಕೊರಿಯರಿನಿಂದ ಬಂದ ಮಕ್ಕಳ ಸಾಮಾನಿನ ರಟ್ಟಿನ ಪೆಟ್ಟಿಗೆಗಳು. ಮೂರು ಗಾಡಿಗಳ ಮೂರು ಕೂಸುಗಳೂ ಯಾರದೋ ಸೊಂಟದ ಮೇಲೆ ಕುಳಿತು ತಮ್ಮ ಆಸನದ ಸದುಪಯೋಗವನ್ನು ಸಮಾಧಾನದಿಂದ ನೋಡುತ್ತಿದ್ದವು. ಈ ವರದಿಯನ್ನು ನಾನು ಅಳಿಯಂದಿರಿಗೆ ಲಿಖಿತವಾಗಿಯೇ ಕೊಟ್ಟೆ. ಅವರು ಓದಿ ಮೆಚ್ಚಿಕೊಂಡು, “ತಾವು ಹೇಳಿದ್ದು ಸರಿ ಮಾವ, ಸಾಧಾರಣ ಚಕ್ರಗಳು ಇಲ್ಲಿ ನಡೆಯುವುದಿಲ್ಲ” ಎಂದು ಹೇಳಿ, ದೊಡ್ಡ ಚಕ್ರಗಳೂ ನಾಲ್ಕು ಕಡೆ ಸ್ಪ್ರಿಂಗೂ ಇರುವ, ಮೊದಲಿನದಕ್ಕಿಂತ ದುಬಾರಿಯಾದ ಇನ್ನೊಂದು ಗಾಡಿಯನ್ನು ಮೈಸೂರಿನ ವಿಳಾಸಕ್ಕೆ ತರಿಸಿದರು.

ಆದರೂ ಹಿರಿಯರ ಮಾತಿಗೆ ಬೆಲೆಯೇ ಇಲ್ಲವೆಂದು ನಾನು ಹೇಳಲಾರೆ. 87 ಸಾಲುಗಳಲ್ಲಿ ಒಂದನ್ನು ಅಳಿಯಂದಿರು ಕೇವಲ ನನ್ನ ಸಲಹೆಯ ಮೇರೆಗೆ ಕೈಬಿಟ್ಟರು. ಅದು 61ನೆಯ ಸಾಲು: ಕಾರಿನ ಹಿಂದಿನ ಸೀಟಿಗೆ ಬಿಗಿದು ಕೂಸನ್ನು ಕಟ್ಟಿ ಕೂರಿಸುವ ಸುರಕ್ಷಾ ಆಸನ. ಕೂಸಿಗೆ ಅಜ್ಜಿಯ ಮಡಿಲಿಗಿಂತ ಭದ್ರವಾದ ಜಾಗ ಜಗತ್ತಿನಲ್ಲಿ ಯಾವುದಿದೆಯೆಂದು ನಾನು ಕೇಳಿದ ಪ್ರಶ್ನೆಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ನನ್ನ ಹೆಂಡತಿಯಂತೂ ಮೊದಲ ಬಾರಿಗೆ ನನ್ನ ತಪಾಸಣೆಯನ್ನು ಒಪ್ಪಿದಳು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194ಬಿ ಕಲಮಿನ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಅಂಥ ಆಸನದಿಂದಲೋ ಭದ್ರಪಡಿಸದೆ ವಾಹನ ಓಡಿಸಿದರೆ ಸಾವಿರ ರೂಪಾಯಿ ದಂಡವಿದೆಯೆಂದು ಅಳಿಯಂದಿರು ಮೆಲ್ಲಗೆ ಹೇಳಿದರು. ಆಸನದ ಬೆಲೆಯನ್ನೂ ದಂಡದ ಮೊತ್ತವನ್ನೂ ಅಕ್ಕಪಕ್ಕ ಬರೆದು, ಯಾವುದು ಮಿತವ್ಯಯವೆಂಬುದನ್ನು ನಾನು ಅವರಿಗೆ ತೋರಿಸಿಕೊಟ್ಟೆ.

ಬಾಣಂತನ ಮುಗಿದು ಐದನೆಯ ತಿಂಗಳಲ್ಲಿ ಮಗಳನ್ನೂ ಕೂಸನ್ನೂ ಬೆಂಗಳೂರಿಗೆ ಕಳುಹಿಸುವ ದಿನ ಬಂತು. ವೈಪ್ಸ್ ಬೆಚ್ಚಗೆ ಮಾಡುವ ಪೆಟ್ಟಿಗೆ, ಬಾಟಲಿಯ ಮೂರು ಪೆಟ್ಟಿಗೆಗಳು, ವಾಕರ್, ತೊಟ್ಟಿಲ ಮೆತ್ತೆ, ಜೇನುನೊಣ, ಬಿಚ್ಚದ ಬೂಟುಗಳು, ಹನ್ನೆರಡು ಕುಲಾವಿಗಳು, ಅಜ್ಜಿಯ ಸಾಸಿವೆ ದಿಂಬು ಎಲ್ಲವನ್ನೂ ಡಿಕ್ಕಿಯಲ್ಲಿ ಒತ್ತೊತ್ತಾಗಿ ತುಂಬಿದ ಮೇಲೂ ಕೂಸುಗಾಡಿಯ ರಟ್ಟಿನ ಪೆಟ್ಟಿಗೆ ಉಳಿಯಿತು. ಅದನ್ನು ಹಿಂದಿನ ಸೀಟಿನಲ್ಲಿ ಮಗಳ ಪಕ್ಕದಲ್ಲಿ ಕೂರಿಸಿದೆವು. ಹಿಂದೆ ಬೇರೆ ಜಾಗವಿಲ್ಲದ್ದರಿಂದ ಕೂಸನ್ನು ಎತ್ತಿಕೊಂಡು ನನ್ನ ಹೆಂಡತಿ ಮುಂದೆ ಕುಳಿತಳು. ನಾನು ದೃಷ್ಟಿ ತೆಗೆದು, ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣುಗಳನ್ನು ಇಟ್ಟೆ. ಮುಂದಿದ್ದದ್ದು ಕಾರುಗಳಿಗೆ ಗಂಟೆಗೆ ನೂರು ಕಿಲೋಮೀಟರ್ ವೇಗದ ಮಿತಿಯಿರುವ ಎಕ್ಸ್‌ಪ್ರೆಸ್ ಹೆದ್ದಾರಿ.

ಅಳಿಯಂದಿರು ಕೀಲಿ ತಿರುಗಿಸಿದೊಡನೆ ಕಾರು ಕುಂಯ್ಗುಟ್ಟತೊಡಗಿತು. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದ ಯಾರೋ ಕುಳಿತಿದ್ದಾರೆಂದು ಅದಕ್ಕೆ ಅನ್ನಿಸಿತ್ತು. ಅವರು ಇಳಿದು ಬಂದು ರಟ್ಟಿನ ಪೆಟ್ಟಿಗೆಯ ಎದೆಗೆ ಅಡ್ಡಲಾಗಿ ಬೆಲ್ಟನ್ನು ಎಳೆದು ಬಿಗಿದರು, ಅದು ಸಡಿಲವಾಗಿಲ್ಲವೆಂದು ಎರಡು ಸಲ ಜಗ್ಗಿ ನೋಡಿದರು. ಆದರೂ ಕಾರು ಸುಮ್ಮನಾಗಲಿಲ್ಲ. ಆಗ ನನ್ನ ಹೆಂಡತಿ, ಬೆಲ್ಟು ಕೂಸಿಗೆ ಒತ್ತಬಾರದೆಂದು ಅದನ್ನು ತನ್ನ ಬೆನ್ನಿನ ಹಿಂದಿನಿಂದ ಹಾಯಿಸಿ ಕೊಂಡಿಗೆ ಸಿಕ್ಕಿಸಿದಳು. ಕಾರು ಸುಮ್ಮನಾಯಿತು, ನಿಂಬೆಹಣ್ಣುಗಳು ಒಂದೊಂದಾಗಿ ಅಪ್ಪಚ್ಚಿಯಾದವು.